ಮರಳಿ ಬರುವ ಹರಿವು

ಕಮಲಾಪುರದ ಆ ಮನೆಯಲ್ಲಿ ಏನನ್ನೂ ಧಾರಾಳವಾಗಿ ಬಿಡುವ ರೂಢಿಯಿಲ್ಲ. ನಳ ತಿರುವಿದರೆ ಅರ್ಧ, ಒಗ್ಗರಣೆಗೆ ಎಣ್ಣೆ ಅರ್ಧ ಚಮಚ. ಸೊಸೆಯಾಗಿ ಬಂದ ಅಂಜನಾಗೆ ಅತ್ತೆ ಕಸ್ತೂರಿಬಾಯಿಯ ಈ ಕೈಹಿಡಿತ ಮೊದಮೊದಲು ನಗು ತರಿಸುತ್ತಿತ್ತು. ಆಮೇಲೆ ಅವಳ ಕೈಗೂ ಅದೇ ಅಂಟಿಕೊಂಡಿತು. ಗಂಡ ಸಂಜುಕುಮಾರ ತೀರಿಕೊಂಡು ಎರಡು ವರ್ಷವಾಗಿದೆ. ಅವಳು ಈಗಲೂ ಅತ್ತೆಯ ಜೊತೆಗೇ ಇದ್ದು, ದಿನಾ ಬೆಳಿಗ್ಗೆ ಬಸ್ಸು ಹಿಡಿದು ಪಿಎಚ್.ಡಿ. ಸಂಶೋಧನೆಗೆಂದು ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ಬರುತ್ತಾಳೆ. ಯಾರು ಏನೇ ಹೇಳಿದರೂ ಅವಳದು ಒಂದೇ ಉತ್ತರ: "ಆಯ್ತ್ರಿ."

ಪ್ರಯೋಗಾಲಯದಲ್ಲಿ ಕೂದಲಿನಷ್ಟು ತೆಳ್ಳಗಿನ ಸೂಜಿಯೊಂದು ಕೆಳಮುಖವಾಗಿ ನಿಂತಿದೆ. ಪುಟ್ಟ ಪಂಪೊಂದು ಅದರೊಳಕ್ಕೆ ಗ್ಲೈಕಾಲ್ ಎಂಬ ದ್ರವವನ್ನು ತಳ್ಳುತ್ತದೆ. ಆ ದ್ರವಕ್ಕೆ ಸಾವಿರಾರು ವೋಲ್ಟ್ ಕೊಟ್ಟರೆ ತುದಿಯಲ್ಲಿ ತೂಗುವ ಹನಿ ಎಳೆದುಕೊಂಡು ಚೂಪಾದ ಶಂಕುವಾಗುತ್ತದೆ. ಶಂಕುವಿನ ಮೊನೆಯಿಂದ ಎಳೆಯೊಂದು ಹೊರಟು ಮಂಜಿನಂತೆ ಚದುರುತ್ತದೆ. ಆ ಪುಟ್ಟ ಶಂಕುವಿನೊಳಗೆ ದ್ರವ ಹೇಗೆ ಹರಿಯುತ್ತದೆ ಎಂಬುದೇ ಅಂಜನಾಳ ವಿಷಯ. ಹರಿವು ಕಾಣಲೆಂದು ದೂಳಿಗಿಂತ ಸಣ್ಣ ಗಾಜಿನ ಮಣಿಗಳನ್ನು ಬೆರೆಸಿ, ಬೆಳಕು ಬಿಟ್ಟು, ಚಿತ್ರ ತೆಗೆಯುತ್ತಾಳೆ.

ಅವಳ ಮಾರ್ಗದರ್ಶಕ ಶಿವಲಿಂಗ ಸರ್ ಹಿಂದೆಯೇ ತಮ್ಮ ಲೇಖನದಲ್ಲಿ ಬರೆದಿದ್ದರು: ಎಲ್ಲವೂ ನೆಟ್ಟಗೆ ಮೊನೆಗೆ ಹೋಗುತ್ತದೆ. ಅವಳ ಚಿತ್ರದಲ್ಲಿ ಮಾತ್ರ ಮಣಿಗಳು ಶಂಕುವಿನ ಮೈಗುಂಟ ಮೊನೆಯವರೆಗೆ ಇಳಿದು, ಬಹುಪಾಲು ನಡುವಿನಿಂದ ಮತ್ತೆ ಮೇಲೇರುತ್ತಿದ್ದವು. "ಸೂಜಿ ಹೊಲಸಾಗ್ಯದ, ತೊಳಿ" ಎಂದರು ಸರ್. ಎಂಟು ತಿಂಗಳು ತೊಳೆದಳು. ಶುಕ್ರವಾರ ಅವಳ ಕೆಲಸವನ್ನು ಪರಿಶೀಲಿಸುವ ಸಮಿತಿ ಕೂಡಲಿತ್ತು. ಅಷ್ಟರೊಳಗೆ ಸರಿಯಾಗದಿದ್ದರೆ ಈ ಅಧ್ಯಾಯ ಹೋಗುತ್ತದೆ. ಅದು ಹೋದರೆ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿಯಷ್ಟೇ.

ಬುಧವಾರ ಅಟೆಂಡರ್ ದೌಲಪ್ಪ ಹೊಸ ಬಾಟಲಿ ಹಿಡಿದು ಬಂದ.

"ಅಕ್ಕೋರೆ, ನಿಮ್ಮ ಗ್ಲೈಕಾಲ್ ಬಂತ್ರಿ ಕಡೀಗೆ. ಎಂಟು ತಿಂಗಳ ಆಯ್ತು ಬರದು ಕೊಟ್ಟು. ಕೂಸಾಗಿದ್ರ ಹಲ್ಲು ಬರ್ತಿದ್ವು."

ಅಂಜನಾ ಸಣ್ಣಗೆ ನಕ್ಕಳು.

"ಇನ್ನರ ಖುಲ್ಲಾ ಬಿಡ್ರಿ. ಇದ್ದ ಅರ್ಧ ಬಾಟ್ಲಿ ಮುಗದೀತು ಅಂತ ಹನಿ ಹನಿ ಬಿಡ್ಲಾಕತ್ತಿದ್ರಿ, ಅತ್ತಿ ಮನ್ಯಾಗಿನ ಎಣ್ಣಿ ಬಿಟ್ಟಂಗ!"

ಅವಳ ಕೈ ನಿಂತಿತು. ನಿಜ, ಎಂಟು ತಿಂಗಳಿಂದ ಪಂಪು ತೀರಾ ಕೆಳಗಿನ ಮಟ್ಟದಲ್ಲೇ ಇತ್ತು. ಉಳಿಸಿ ಬಳಸುವುದು ಎಷ್ಟು ಸಹಜವಾಗಿತ್ತೆಂದರೆ ಅದನ್ನು ಯಾರಿಗೂ ಹೇಳಬೇಕೆಂದೇ ತೋಚಿರಲಿಲ್ಲ. ಹತ್ತು ಪಟ್ಟು ಏರಿಸಿದಳು. ಮಣಿಗಳು ನೆಟ್ಟಗೆ ಮೊನೆಗೆ ಹೊರಟವು. ಒಂದೂ ಹಿಂತಿರುಗಲಿಲ್ಲ.

ಸರ್ ಬಂದು ಪರದೆ ನೋಡಿ ಚಪ್ಪಾಳೆ ತಟ್ಟಿದರು. "ಭಾಳ ಛಲೋ ಆತು! ಶುಕ್ರವಾರ ಇದನ್ನೇ ತೋರ್ಸು. ಹಳೇವೆಲ್ಲಾ ಅಳಿಸಿಬಿಡವ್ವ."

ಆಯ್ತ್ರಿ ಎನ್ನಲು ಬಾಯಿ ತೆರೆದಳು. ಆದರೆ ಕೈ ಪಂಪಿನತ್ತ ಹೋಯಿತು. ಅದನ್ನು ಮತ್ತೆ ಇಳಿಸಿದಳು. ಸ್ವಲ್ಪ ಹೊತ್ತಿಗೆ ಮಣಿಗಳು ಮೊನೆಯ ಬಳಿ ತಡೆದು, ತಿರುಗಿ, ನಡುವಿನಿಂದ ಮೇಲೇರತೊಡಗಿದವು.

"ಇದು ತಪ್ಪಲ್ರಿ ಸರ್. ಕರೆಂಟು ಶಂಕುವಿನ ಮೈಮ್ಯಾಲಿನ ದ್ರವಾನ ಮೊನೀಗಿ ಎಳೀತದ. ನಾವು ಸಾವಕಾಶ ಬಿಟ್ರ ಮೊನೀಯಿಂದ ಹೊರಗ ಹೋಗೋದು ಭಾಳ ಕಮ್ಮಿ. ಉಳದದ್ದು ಎಲ್ಲಿ ಹೋಗಬೇಕ್ರಿ? ನಡುವಿನಿಂದ ಹೊಳ್ಳಿ ಬರ್ತದ."

"ಅಂದ್ರ ನಾ ಬರದದ್ದು ಸುಳ್ಳೇನು?"

ದೌಲಪ್ಪ ಸ್ವಚ್ಛವಾಗಿದ್ದ ಮೇಜನ್ನೇ ಇನ್ನೊಮ್ಮೆ ಒರೆಸತೊಡಗಿದ.

"ನೀವು ಜೋರ್ ಬಿಟ್ಟಿದ್ರಿ, ನಾ ಸಾವಕಾಶ ಬಿಟ್ಟೆ. ಎರಡೂ ಖರೇ ಅವ ರೀ. ಹಳೇವು ನಾ ಅಳಸಂಗಿಲ್ಲ."

ಸರ್ ಸ್ಟೂಲು ಎಳೆದು ಕುಳಿತರು. ಏರಿಸು ಎಂದರು, ಇಳಿಸು ಎಂದರು, ಮೂರು ಸಲ. ಮೂರು ಸಲವೂ ಹರಿವು ಅವಳು ಹೇಳಿದಂತೆಯೇ ನಡೆಯಿತು.

"ಯಾವ ಮಟ್ಟಕ್ಕ ಹೊಳ್ಳತದ, ಅದನ್ನ ಹುಡುಕಬೇಕಲ್ಲ. ಶುಕ್ರವಾರದೊಳಗ ಆಗ್ತದೇನು?"

"ಆಗಂಗಿಲ್ರಿ. ಇನ್ನೊಂದು ಹದಿನೈದು ದಿನ ಕೇಳ್ರಿ ಅವರಿಗಿ."

ಸರ್ ಫೋನು ತೆಗೆದು, ಸಮಿತಿಯವರ ಜೊತೆ ಮಾತಾಡಲು ಹೊರಗೆ ಹೋದರು.

ಅಂಜನಾ ಪಂಪನ್ನು ಒಂದು ಗೆರೆ ಏರಿಸಿ, ಮಣಿಗಳನ್ನು ನೋಡುತ್ತ ಕುಳಿತಳು.