ಸೊಂಟದಿಂದ ನೆಲಕ್ಕೆ

ದಿಬ್ಬೂರಹಳ್ಳಿ ಕಡೆಯ ಆ ಊರಿನಲ್ಲಿ ಆವಲಪ್ಪನವರ ಮನೆಯ ಬೆಳಗು ಗಡಿಬಿಡಿಯದು. ಮಗ ಮೋಹನ್‌ಬಾಬು ಮತ್ತು ಸೊಸೆ ಪವಿತ್ರ ರೇಷ್ಮೆಹುಳಕ್ಕೆ ಸೊಪ್ಪು ತರಲು ತೋಟಕ್ಕೆ ಓಡಬೇಕು. ಆವಲಪ್ಪನವರು ಜಗಲಿಯಲ್ಲಿ ಕೂತು ಎಲ್ಲರ ಕೆಲಸಕ್ಕೂ ತಪ್ಪು ಹುಡುಕಬೇಕು. ಅವರ ಹೆಂಡತಿ ರಾಮಲಕ್ಷ್ಮಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಚ್ಚಲಿಗೆ ಹೋಗಬೇಕು. ಮೊಮ್ಮಗಳೆಂದರೆ ಎಳೆಗೂಸೆಂದುಕೊಳ್ಳಬೇಡಿ. ಮೌನಿಕಾಳಿಗೆ ಹತ್ತು ತುಂಬಿತ್ತು. ಕಾಲುಗಳು ಅಜ್ಜಿಯ ಮೊಣಕಾಲಿನವರೆಗೆ ಇಳಿಬೀಳುತ್ತಿದ್ದವು.

ಹುಟ್ಟಿದಾಗಿನಿಂದ ಆ ಕಾಲುಗಳು ಬಿಗಿ. ಕೈ ಚುರುಕು, ಬಾಯಿ ಇನ್ನೂ ಚುರುಕು, ಆದರೆ ನಿಲ್ಲಿಸಿದರೆ ನಿಲ್ಲಲಾರಳು. ಹಾಗಾಗಿ ಅವಳಿಗೆ ಮನೆಯೆಲ್ಲ ಸೊಂಟದ ಎತ್ತರದಿಂದಲೇ ಪರಿಚಯ. ಗಡಿಯಾರ, ಕ್ಯಾಲೆಂಡರು, ಸ್ವಿಚ್ಚುಗಳು ಚೆನ್ನಾಗಿ ಗೊತ್ತು. ಮಂಚದ ಕೆಳಗೆ ಏನಿದೆಯೆಂಬುದು ಗೊತ್ತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅಂಗಳದಾಚೆಯ ಹುಳದ ಮನೆಯೊಳಗೆ ಏನು ನಡೆಯುತ್ತದೆಂಬುದು ಗೊತ್ತಿಲ್ಲ. ಅಲ್ಲಿಗೆ ಅವಳನ್ನು ಯಾರೂ ಒಯ್ಯುತ್ತಿರಲಿಲ್ಲ.

ಆ ಮನೆತನಕ್ಕೊಂದು ಕಟ್ಟಳೆಯಿತ್ತು. ಅಂಗ ಊನವಾದವರ ಕೈಯಲ್ಲಿ ಕೆಲಸ ಮಾಡಿಸಿದರೆ ಪಾಪ ಸುತ್ತಿಕೊಳ್ಳುತ್ತದೆ. ಅವರು ಹುಳದ ಮನೆಯ ಮುಂದೆ ಸುಳಿದರೆ ಬೆಳೆ ಕೆಡುತ್ತದೆ. ಮೊದಲನೆಯದನ್ನು ಪ್ರೀತಿಯೆಂದು ಕರೆಯುತ್ತಿದ್ದರು, ಎರಡನೆಯದನ್ನು ಮಡಿಯೆಂದು. ಎರಡೂ ಸೇರಿ ಮಗುವನ್ನು ಮಂಚಕ್ಕೆ ಕಟ್ಟಿಹಾಕಿದ್ದವು. ಅವಳಿಗೆ ಅನ್ನ ಕಲಸಿ ತಿನ್ನಿಸುವುದರಿಂದ ಹಿಡಿದು ಬಚ್ಚಲಲ್ಲಿ ಕೂರಿಸಿ ತೊಳೆಯುವವರೆಗೆ ಎಲ್ಲವೂ ರಾಮಲಕ್ಷ್ಮಮ್ಮನದೇ. ಆ ಮುದುಕಿಯ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಸಂಕಟವೇ ಅದು.

ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೆ ತಾಲ್ಲೂಕಿನಿಂದ ಒಬ್ಬ ಟೀಚರು ಬರುತ್ತಾರೆ. ಹೆಸರು ಪ್ರಿಯಂವದಾ. ಅವರು ಒಂದು ದಿನ ನಾಲ್ಕು ಕಾಲಿನ ವಾಕರ್ ಒಂದನ್ನು ಸ್ಕೂಟರಿಗೆ ಕಟ್ಟಿಕೊಂಡು ಬಂದರು. ಮೌನಿಕಾಳನ್ನು ನೆಲಕ್ಕಿಳಿಸಿ, ಅದರ ಹಿಡಿ ಅವಳ ಕೈಗೆ ಕೊಟ್ಟರು. ಹುಡುಗಿ ನಡುಗುತ್ತ ಎದ್ದು ನಿಂತಳು. ರಾಮಲಕ್ಷ್ಮಮ್ಮ ಎರಡೂ ಕೈ ಚಾಚಿಕೊಂಡು ಓಡಿಬಂದರು.

"ಬಿಡಿ ಮೇಡಂ, ಬಿದ್ದುಬಿಡ್ತಾಳೆ!"

"ಬೀಳಲಿ ಅಜ್ಜಿ, ನಾನಿದೀನಲ್ಲ. ನೀವು ಆ ಕೈ ಸ್ವಲ್ಪ ಹಿಂದೆ ಇಟ್ಕೊಳಿ."

ಜಗಲಿಯಿಂದ ಆವಲಪ್ಪನವರ ದನಿ ಬಂತು. "ನೋಡಮ್ಮ, ದೇವರು ಕೊಟ್ಟಿರೋ ಕಷ್ಟ ಆ ಮಗೂಗೆ ಸಾಲದಾ? ಮೇಲೆ ನೀವು ಬೇರೆ ಒದ್ದಾಡಿಸ್ಬೇಕಾ?"

"ಒದ್ದಾಡದೆ ಯಾರು ನಡೆಯೋದು ಕಲ್ತಿದಾರೆ ಯಜಮಾನ್ರೆ? ಅಜ್ಜಿ ಇನ್ನೆಷ್ಟು ದಿನ ಎತ್ಕೊಂತಾರೆ?"

"ನನ್ ಜೀವ ಇರೋಗಂಟ," ಎಂದರು ರಾಮಲಕ್ಷ್ಮಮ್ಮ.

"ಆಮೇಲೆ? ಇನ್ನೊಂದೆರಡು ವರ್ಷಕ್ಕೆ ದೊಡ್ಡವಳಾಗ್ತಾಳೆ. ಅವಾಗ ಅವಳ ಮಾನ ಕಾಯೋರು ಯಾರು? ಅವಳೇ ಕಾಯ್ಕೊಳೋದು ಬೇಡ್ವಾ?"

ರಾಮಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಮೌನಿಕಾಳಿಗೆ ಇದ್ಯಾವುದೂ ಬೇಕಿರಲಿಲ್ಲ. ನಿಂತ ಎತ್ತರದಿಂದ ಕಿಟಕಿಯಾಚೆಯ ಹುಳದ ಮನೆಯ ಬಾಗಿಲು ಕಾಣುತ್ತಿತ್ತು.

"ಮಿಸ್, ಹುಳಕ್ಕೆ ಕಣ್ಣು ಕಾಣ್ಸುತ್ತಾ?"

"ನಂಗೊತ್ತಿಲ್ಲಮ್ಮ. ಸಾಕೋರು ನಿಮ್ಮಪ್ಪ, ಅವರನ್ನೇ ಕೇಳು."

ಸೊಪ್ಪಿನ ಹೊರೆ ಇಳಿಸಿ ಬಂದ ಮೋಹನ್‌ಬಾಬುವನ್ನು ಅವಳು ಅಲ್ಲೇ ಹಿಡಿದಳು. ಬೆಳಕು ಕತ್ತಲೆ ಗೊತ್ತಾಗುತ್ತಂತೆ, ಅದರಾಚೆಗೆ ಹೆಚ್ಚೇನೂ ಕಾಣಲ್ಲ ಅಂದ ಅವನು.

"ಹಂಗಾದ್ರೆ ನನ್ ಕಾಲು ಹಿಂಗಿದೆ ಅಂತ ಅದಕ್ಕೆ ಹೆಂಗಪ್ಪ ಗೊತ್ತಾಗುತ್ತೆ?"

ಮೋಹನ್‌ಬಾಬು ತಲೆ ಕೆರೆದುಕೊಂಡ. ಜಗಲಿಯ ಕಡೆ ಒಮ್ಮೆ ನೋಡಿದ. ಸೊಪ್ಪು ಬಾಡುತ್ತದೆಂದು ಹೇಳಿ ಜಾರಿಕೊಂಡ.

ಮೌನಿಕಾ ಅಂದಿನಿಂದ ಮಂಚ ಬಿಟ್ಟು ಗೋಡೆಯವರೆಗೆ, ಗೋಡೆಯಿಂದ ಅಡುಗೆಮನೆಯವರೆಗೆ ಹೆಜ್ಜೆ ಎಳೆಯತೊಡಗಿದಳು. ಬಿದ್ದಳು, ಗದ್ದಕ್ಕೆ ಗಾಯ ಮಾಡಿಕೊಂಡಳು. ಮಂಚದ ಕೆಳಗೆ ಹಳೇ ಬಿಂದಿಗೆಯೂ ಕಳೆದುಹೋಗಿದೆಯೆಂದು ಎಲ್ಲರೂ ಕೈಬಿಟ್ಟಿದ್ದ ಅಜ್ಜಿಯ ಕನ್ನಡಕವೂ ಸಿಕ್ಕಿದವು. ಇಷ್ಟಾದರೂ ಬಚ್ಚಲಿನ ಕೆಲಸ ಮಾತ್ರ ಅಜ್ಜಿ ಬಿಟ್ಟುಕೊಡಲಿಲ್ಲ. ಅಲ್ಲಿಗೆ ಎತ್ತಿಕೊಂಡೇ ಹೋಗುವುದು.

ಹಾಗೆ ಹೋಗುವಾಗಲೇ ಒಂದು ಬೆಳಿಗ್ಗೆ ಒದ್ದೆ ಕಲ್ಲಿನ ಮೇಲೆ ಜಾರಿದರು. ಬೀಳುವಾಗಲೂ ಮಗು ಮೇಲಿರುವಂತೆ ತಿರುಗಿಕೊಂಡರು, ಪಾಪ. ಬಲಗೈ ಮುರಿಯಿತು.

ಇನ್ನು ಆವಲಪ್ಪನವರನ್ನು ಹಿಡಿಯುವವರಿಲ್ಲ. "ನಾನು ಬಡ್ಕೊಂಡೆ. ಹಿರಿಯರು ಸುಮ್ನೆ ಹೇಳಿರ್ತಾರಾ? ಹುಳ ಪೊರೆ ಬಿಟ್ಟು ಕೊನೇ ಜ್ವರ ಎದ್ದು ಮೇಯ್ತಾ ಇದೆ, ಇನ್ನು ಬೆಳೇನೂ ಹೋದ್ರೆ ನಮ್ ಗತಿ ಏನು? ಎತ್ತಿಡೋ ಆ ಕಬ್ಬಿಣಾನ!" ಎಂದು ಕೂಗಾಡಿ ವಾಕರನ್ನು ಅಟ್ಟಕ್ಕೆ ಹಾಕಿಸಿದರು. ಟೀಚರು ಬಂದಾಗ ಮಗು ಮಲಗಿದೆಯೆಂದು ಹೇಳಿ ಬಾಗಿಲಿಂದಲೇ ಕಳಿಸಿದರು. ಪವಿತ್ರಳಿಗೂ ಮೋಹನ್‌ಬಾಬುವಿಗೂ ಹುಳದ ಮನೆಯಿಂದ ತಲೆಯೆತ್ತಲು ಬಿಡುವಿರಲಿಲ್ಲ. ಸರಿಯೆನ್ನಿಸದಿದ್ದರೂ ಇಬ್ಬರೂ ಸೊಪ್ಪು ಹಾಕುವುದರಲ್ಲೇ ಮುಳುಗಿದರು. ಎಷ್ಟೋ ಅನ್ಯಾಯಗಳು ಹೀಗೆ ಕೆಲಸದ ಗಡಿಬಿಡಿಯಲ್ಲೇ ನಡೆದುಹೋಗುತ್ತವೆ.

ಮೌನಿಕಾ ಅಳಲಿಲ್ಲ, ಹಟ ಮಾಡಲಿಲ್ಲ. ಅಮ್ಮ ನೀರಿನ ಚೊಂಬು ಪಕ್ಕದಲ್ಲಿಟ್ಟು ಹೋದರೆ ತುಟಿ ಒದ್ದೆ ಮಾಡಿಕೊಂಡು ಉಳಿದದ್ದನ್ನು ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದಳು. ಮಜ್ಜಿಗೆ ಬೇಡ, ಸಾರು ಬೇಡ, ಗಟ್ಟಿ ಮುದ್ದೆ ಸಾಕು. ಬಿಸಿಲಿಗೆ ಊಟ ಸೇರುತ್ತಿಲ್ಲವೆಂದುಕೊಂಡರು ಎಲ್ಲರೂ. ಒಂದು ಮಧ್ಯಾಹ್ನ ಅವಳ ಮೈ ಕೆಂಡವಾಯಿತು. ಕಿಬ್ಬೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದಳು.

ಶಿಡ್ಲಘಟ್ಟದ ಡಾಕ್ಟರು ಪರೀಕ್ಷೆ ಮಾಡಿಸಿ ಕೇಳಿದರು: "ಮಗೂಗೆ ನೀರು ಕೊಡ್ತಾ ಇಲ್ವೇನ್ರಿ? ಮೂತ್ರದಲ್ಲಿ ಸೋಂಕಾಗಿದೆ. ಇನ್ನೂ ತಡ ಮಾಡಿದ್ರೆ ಕಿಡ್ನಿಗೇ ಬರ್ತಿತ್ತು."

ಹಾಸಿಗೆಯ ಪಕ್ಕ, ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ರಾಮಲಕ್ಷ್ಮಮ್ಮ ಬಗ್ಗಿದರು. "ಯಾಕೆ ನನ್ ತಾಯಿ? ಯಾಕಮ್ಮ ನೀರು ಕುಡೀಲಿಲ್ಲ?"

"ಕುಡಿದ್ರೆ ಹೋಗ್ಬೇಕಾಗುತ್ತಲ್ಲಜ್ಜಿ. ನಿನ್ ಕೈ ಮುರ್ದಿದೆ. ಅಮ್ಮಂಗೆ ಹುಳದ ಕೆಲಸ."

ಆ ಮುದುಕಿ ಅತ್ತದ್ದನ್ನು ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಳುತ್ತಲೇ ಮಗನಿಗೆ ಹೇಳಿದರು. "ಮನೆಗೆ ಹೋಗಿದ್ದೇ ಅಟ್ಟದಿಂದ ಅದನ್ನ ಇಳ್ಸೋ. ಆ ಮೇಡಂಗೆ ಫೋನ್ ಮಾಡು. ಬಾ ಅನ್ನು."

ಪ್ರಿಯಂವದಾ ಬಂದರು. ಅವರು ಹೇಳಿದಂತೆ ಮೋಹನ್‌ಬಾಬು, ವಾಕರ್ ಹಿಡಿಸದ ಇಕ್ಕಟ್ಟು ಬಚ್ಚಲು ಬಿಟ್ಟು, ಪ್ಲಾಸ್ಟಿಕ್ ಕುರ್ಚಿಯೊಂದರ ನಡುವೆ ತೂತು ಕೊರೆದು ಅಂಗಳದ ಕೊನೆಯ ಪಾಯಿಖಾನೆಯಲ್ಲಿಟ್ಟ. ಗೋಡೆಗೆ ಹಿಡಿದುಕೊಳ್ಳಲು ಪೈಪು ಕೂರಿಸಿದ. ಆದರೆ ಅಲ್ಲಿಗೆ ಹೋಗಬೇಕಾದರೆ ಹುಳದ ಮನೆಯ ಬಾಗಿಲನ್ನೇ ದಾಟಬೇಕು. ಹುಳ ಹಣ್ಣಾಗಿ ಗೂಡಿಗೆ ಸಿದ್ಧವಾಗುವ ಸಮಯ ಬೇರೆ. ಮೌನಿಕಾ ವಾಕರ್ ಹಿಡಿದು ಹೊಸ್ತಿಲಿಗೆ ಬಂದಾಗ ಆವಲಪ್ಪನವರು ಅಡ್ಡ ನಿಂತರು.

"ಗೂಡು ಕಟ್ಟೋಗಂಟ ತಡ್ಕೊಳಿ. ಆಮೇಲೆ ಎಲ್ಲಿಗಾದ್ರೂ ಹೋಗ್ಲಿ."

ಮಾವನ ಮುಂದೆ ಎಂದೂ ದನಿಯೆತ್ತದ ಪವಿತ್ರ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. "ಹೋದ ಬೆಳೆಗೆ ಸುಣ್ಣಕಟ್ಟು ರೋಗ ಬಂದು ಹುಳಾನೆಲ್ಲ ತಿಪ್ಪೆಗೆ ಸುರಿದ್ವಲ್ಲ ಮಾವ, ಅವಾಗ ಇವಳು ಮಂಚದ ಮೇಲಿದ್ಲು. ಈ ಸಲ ನನ್ ಮಗಳು ತಡ್ಕೊಂಡಿದ್ದಕ್ಕೆ ಆಸ್ಪತ್ರೆ ಸೇರಿದ್ಲು. ಬೆಳೆ ಹೋದ್ರೆ ಇನ್ನೊಂದು ಇಡ್ತೀವಿ. ಇವಳು ಹೋದ್ರೆ? ದಾರಿ ಬಿಡಿ."

ಆವಲಪ್ಪನವರು ಹೆಂಡತಿಯ ಮುಖ ನೋಡಿದರು. ರಾಮಲಕ್ಷ್ಮಮ್ಮ ಸೊಸೆಯ ಪಕ್ಕಕ್ಕೆ ಹೋಗಿ ನಿಂತರು. ಆವಲಪ್ಪನವರು ಒಪ್ಪಿದರೆಂದು ಸುಳ್ಳು ಹೇಳಲಾರೆ. ಗೊಣಗುತ್ತ ಪಕ್ಕಕ್ಕೆ ಸರಿದರು, ಅಷ್ಟೆ.

ಮೌನಿಕಾ ಅಂಗಳಕ್ಕಿಳಿದಳು. ಹುಳದ ಮನೆಯ ಬಾಗಿಲಲ್ಲಿ ನಿಂತು ಸೊಳ್ಳೆಪರದೆಗೆ ಮೂಗು ಒತ್ತಿ ಒಳಗೆ ನೋಡಿದಳು. ತಟ್ಟೆಗಳ ತುಂಬ ಬೆರಳುದ್ದದ ಹುಳಗಳು. ಕೆಲವು ಮೇಯುತ್ತಿದ್ದವು, ಕೆಲವು ಹಳದಿಗೆ ತಿರುಗಿ ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದವು. ಒಂದೂ ಇವಳ ಕಡೆ ತಿರುಗಲಿಲ್ಲ. ಮನಸಾರೆ ನೋಡಿ ಮುಂದೆ ಹೊರಟಳು. ಅಜ್ಜಿ ಹಿಂದೆಯೇ ಬಂದರು, ಮುಟ್ಟಲಿಲ್ಲ.

ಪಾಯಿಖಾನೆಯೊಳಗೆ ಹೋದವಳು ಪೈಪು ಹಿಡಿದು ತಿರುಗಿ, ಬಾಗಿಲು ದೂಡಿ, ಚಿಲಕ ಹಾಕಿಕೊಂಡಳು. ಹುಟ್ಟಿದಾಗಿನಿಂದ ಅವಳೆದುರು ಒಂದಲ್ಲ ಒಂದು ಮುಖ ಇದ್ದೇ ಇತ್ತು. ಈಗ ಯಾರೂ ಇರಲಿಲ್ಲ. ಒಬ್ಬಳೇ ಇರುವುದೆಂದರೆ ಹೇಗಿರುತ್ತದೆಂದು ಅವಳು ಗಮನವಿಟ್ಟು ನೋಡತೊಡಗಿದಳು.

"ಆಯ್ತೇನಮ್ಮ? ಬರ್ಲಾ?" ಹೊರಗಿನಿಂದ ಅಜ್ಜಿ ಕೇಳಿದರು.

ಆಗಿತ್ತು. ತೊಳೆದುಕೊಂಡೂ ಆಗಿತ್ತು.

"ಇನ್ನೂ ಇಲ್ಲಜ್ಜಿ," ಎಂದಳು ಮೌನಿಕಾ. "ನೀನು ಹೋಗಿರು, ನಾನೇ ಬರ್ತೀನಿ."