ಪಂಚರ್ ಅಂಗಡಿಯ ಗಾಳಿ

"ಇದು ನಿಮಗ ಬ್ಯಾಡ್ರಿ ಅಕ್ಕೋರ, ಕೈ ಜುಂ ಅಂತದ. ಯಜಮಾನ್ರಿಗಿ ಕಳಸ್ರಿ, ಅವರಿಗಿ ತೋರಿಸಿ ಕೊಡ್ತೀನಿ," ಎಂದು ಹಾರ್ಡ್‌ವೇರ್ ಅಂಗಡಿಯ ಮಶಾಕ ಗಾಳಿ ಊದುವ ಬ್ಲೋವರನ್ನು ಪೂನಮ್‌ಳ ಕೈಗೆ ಎಟುಕದಂತೆ ಆಚೆ ಸರಿಸಿಟ್ಟ.

ಪೂನಮ್‌ಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರಿನ ಒಳಗಿನ ಧೂಳು ತೆಗೆಯಲು ಏನಾದರೂ ಇದೆಯೇ ಎಂದು ಶಹಾಬಾದದ ಬಜಾರೆಲ್ಲ ಸುತ್ತಿ ಬಂದಿದ್ದಳು. ಒಬ್ಬ ಹಿಂದುಮುಂದು ನೋಡದೆ ಮೋರಿ ತಿಕ್ಕುವ ಬ್ರಶ್ಶನ್ನು ಎತ್ತಿ ಮುಂದಿಟ್ಟಿದ್ದ. ಇನ್ನೊಬ್ಬ ಹಸಿ ಬಟ್ಟೆಯಿಂದ ಒರೆಸಿಬಿಡಿ ಎಂದು ಪುಕ್ಕಟೆ ಬುದ್ಧಿ ಹೇಳಿ ಕಳಿಸಿದ್ದ. ಹೆಂಗಸು ಧೂಳಿನ ಮಾತೆತ್ತಿದರೆ ಸಾಕು, ಈ ಗಂಡಸರಿಗೆ ಕಸಬರಿಗೆಯಿಂದಾಚೆ ಏನೂ ಹೊಳೆಯುವುದಿಲ್ಲ. ಅವಳ ಮನೆಯಲ್ಲಿರುವುದು ಕಂಪ್ಯೂಟರ್, ಬಚ್ಚಲಲ್ಲ ಎಂದು ಎಷ್ಟು ಜನಕ್ಕೆ ಹೇಳುತ್ತಾ ಹೋಗಬೇಕು?

"ನನ್ನ ಕೈ ಜುಂ ಅಂದ್ರ ನಿಮಗೇನ್ ತ್ರಾಸು? ಕಂಪ್ಯೂಟರ್ ನಂದು. ಇಲ್ಲಿ ಕೊಡ್ರಿ, ನೋಡ್ತೀನಿ."

ಮಶಾಕ ಕೊಟ್ಟ. ಅವಳು ಅದರ ಮೂತಿ ಬಿಚ್ಚಿ ನೋಡಿದಳು, ಗಾಳಿ ಕಡಿಮೆ ಮಾಡುವ ಗುಂಡಿ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಇಷ್ಟು ಜೋರಿನ ಗಾಳಿ ಬಡಿದರೆ ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಯೇ ಮುರಿದೀತು. ಇದು ಬೇಡ, ಸಣ್ಣದು ತೆಗೆಯಿರಿ ಎಂದಳು. ಬಣ್ಣ ಬಳಿಯುವ ಬ್ರಶ್ಶುಗಳನ್ನು ಹರವಿಸಿ, ಒಂದೊಂದನ್ನೇ ಮುಂಗೈಯ ಒಳಬದಿಗೆ ಸವರಿಕೊಂಡು ನೋಡಿದಳು. ಚುಚ್ಚುವುದನ್ನೆಲ್ಲ ಬದಿಗಿಟ್ಟು ಮೆತ್ತನೆಯದೊಂದನ್ನು ಆರಿಸಿದಳು. ಗಡಿಯಾರ ರಿಪೇರಿಯವರು ಒತ್ತುವ ರಬ್ಬರಿನ ಉಂಡೆಯೊಂದು ಮೂಲೆಯಲ್ಲಿ ಕಂಡಿತು, ಅದನ್ನೂ ತೆಗೆದುಕೊಂಡಳು. ಒತ್ತಿದರೆ ಪುಸ್ಸೆಂದು ಸಂದಿಗೊಂದಿಗೆ ಮಾತ್ರ ಊದುತ್ತದೆ.

ಇಷ್ಟು ನಿಗಾ ಸುಮ್ಮನೆ ಅಲ್ಲ. ಮದುವೆಯಲ್ಲಿ ಅವಳಪ್ಪ ಬಂಗಾರದ ಬದಲು ಕೊಟ್ಟ ಕಂಪ್ಯೂಟರ್ ಅದು. ಕಲಬುರಗಿಯ ಮುದ್ರಣಾಲಯವೊಂದಕ್ಕೆ ಪುಸ್ತಕಗಳ ಪುಟ ಕಟ್ಟಿ ಕಳಿಸುತ್ತಾಳೆ ಪೂನಮ್. ಮೊದಲ ಪುಟದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅವಳ ಹೆಸರು ಬರುತ್ತದೆ. ತಂಗಿಯ ಮದುವೆಗೆಂದು ತವರೂರು ತೆಂಗಳಿಗೆ ಹೋಗಿ ಬಂದಾಗಿನಿಂದ ಕಂಪ್ಯೂಟರಿಗೆ ಅದೇನೋ ಜಡ್ಡು. ಸ್ವಲ್ಪ ಹೊತ್ತಿಗೆ ಕಾದು, ಗುರ್ರೆಂದು, ಕೆಲಸದ ನಡುವೆಯೇ ಕಣ್ಣು ಮುಚ್ಚುತ್ತಿತ್ತು. ಜಯಂತಿ ಹಬ್ಬದ ದಿನ ಬೀಗರೆಲ್ಲ ಸೇರಿದ್ದಾಗ ಅವಳ ಗಂಡನ ಅಣ್ಣ, ಭಾವ ಸಂಘಪಾಲ ಕಂಪ್ಯೂಟರಿನ ಡಬ್ಬಿಯ ಮೇಲೆ ಬೆರಳಾಡಿಸಿ, ಧೂಳು ಹತ್ತಿ ಬಿಳಿಯಾದ ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದ. "ನೋಡವ್ವಾ, ನಿನ್ನ ಸೊಸಿ ಸಂಸಾರ. ಕಂಪ್ಯೂಟರ್ ಕೆಡದೆ ಏನ್ ಮಾಡೀತು?" ಎಂದಿದ್ದ. ಅತ್ತೆ ಯಂಕಮ್ಮ, "ಭಾಳ ಗಲೀಜಿ ಅದಾಳಪ್ಪ," ಎಂದು ದನಿಗೂಡಿಸಿದ್ದಳು. ಗಂಡ ರತ್ನದೀಪ ತಲೆ ತಗ್ಗಿಸಿ ಕೂತಿದ್ದ.

ಮನೆಯ ಹಿಂದೆಯೇ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊರೆಯುವ ಮಶಿನ್ನು. ಬೀದಿಗೆ ಬೀದಿಯೇ ಕಲ್ಲಿನ ಹಿಟ್ಟು ಹೊದ್ದು ಮಲಗುವಲ್ಲಿ, ರೊಟ್ಟಿಯಲ್ಲೂ ಹಲ್ಲಿಗೆ ಹರಳು ಸಿಗುವಲ್ಲಿ, ಗಲೀಜಿ ಎನಿಸಿಕೊಂಡವಳು ಇವಳೊಬ್ಬಳು. ಅಂದೇ ಸಂಘಪಾಲ ತೀರ್ಪನ್ನೂ ಕೊಟ್ಟಿದ್ದ: ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ತನ್ನ ಕಂಪ್ಯೂಟರ್ ಸೆಂಟರಿದೆ, ಗಾಜಿನ ಬಾಗಿಲಿದೆ, ಧೂಳು ಬರುವುದಿಲ್ಲ, ಅಲ್ಲಿಗೆ ಒಯ್ದು ಇಡುತ್ತೇನೆ, ಮುದ್ರಣಾಲಯದ ಕೆಲಸವನ್ನೂ ತನ್ನ ಹುಡುಗರೇ ಮಾಡುತ್ತಾರೆ. ಈ ಐತಾರ ಟೆಂಪೊ ತರುವವನಿದ್ದ. ಕಂಪ್ಯೂಟರ್ ಆ ಗಾಜಿನ ಬಾಗಿಲು ದಾಟಿತೆಂದರೆ ಕೆಲಸವೂ ಹೋಯಿತು, ಪುಸ್ತಕದಲ್ಲಿನ ಹೆಸರೂ ಹೋಯಿತು.

ಅಷ್ಟರಲ್ಲಿ ಮಶಾಕ ಒಳಗಿನಿಂದ ಒಂದು ಸಣ್ಣ ಬ್ಲೋವರ್ ತೆಗೆದ. ಗಾಳಿ ಕಡಿಮೆ ಹೆಚ್ಚು ಮಾಡುವ ಗುಂಡಿ ಇತ್ತು.

"ಗಾಳಿ ಒಣಾದು ಬರ್ತದಲ್ಲ?" ಎಂದು ಪೂನಮ್ ಕೇಳಿದಳು.

"ಪಕ್ಕಾ ಒಣಾದು. ಪಂಚರ್ ಅಂಗಡಿ ಗಾಳಿ ಹಂಗ ಅಲ್ಲರಿ ಇದು. ಅದರ ಟಾಕಿ ತಳದಾಗ ನೀರು ಕುಂತಿರ್ತದ, ಗಾಳಿ ಸಂಗಾಟ ನೀರೂ ಹೊಡಿತದ. ಅವತ್ತೇ ಅಂದೆ ನಾ ರತ್ನದೀಪಗ, ಬ್ಯಾಡೋ, ಕಲ್ಲಿನ ಹಿಟ್ಟಿಗಿ ನೀರು ಬಿದ್ರ ಗಾರಿ ಆಗ್ತದಂತ. ಅವರಣ್ಣ ಎಲ್ಲಿ ಕೇಳ್ತಾನ."

"ಯಾವತ್ತು?"

"ನೀವು ಊರಿಗಿ ಹೋಗಿದ್ರಂತಲ್ಲ, ಆವಾಗ. ಇಲ್ಲೇ ಬಾಜು ಪಂಚರ್ ಅಂಗಡಿಯಾಗ. ರತ್ನದೀಪ ಕಂಪ್ಯೂಟರ್ ಡಬ್ಬಿ ತೊಡಿ ಮ್ಯಾಲ ಹಿಡ್ಕೊಂಡು ಕುಂತಿದ್ದ, ಅವರಣ್ಣ ಧೂಳು ತೆಗಿತೀನಂತ ಪೈಪ್ ಹಿಡಿದು ಹೊಡದೇ ಹೊಡದ." ಮಶಾಕ ಅವಳ ಮುಖ ನೋಡಿದ. "ನಿಮಗ ಹೇಳಿಲ್ಲೇನು?"

ಪೂನಮ್ ದುಡ್ಡು ಎಣಿಸಿಟ್ಟು, ಸಣ್ಣ ಬ್ಲೋವರನ್ನೂ ಸೇರಿಸಿ ಸಾಮಾನು ಚೀಲಕ್ಕೆ ಹಾಕಿಕೊಂಡಳು. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಭಾವನ ಬಿಳಿ ಬೆರಳಲ್ಲ, ಗಂಡನ ತಗ್ಗಿದ ತಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದವನಿಗಿಂತ, ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವನ ಮೇಲೆ ಅವಳಿಗೆ ಸಿಟ್ಟು ಬಂತು.

ಮನೆಗೆ ಬಂದು ಡಬ್ಬಿಯ ಮುಚ್ಚಳ ಬಿಚ್ಚಿದಳು. ಒಳಗೆ ಧೂಳಿರಲಿಲ್ಲ, ಗಾರೆ ಇತ್ತು. ಫ್ಯಾನಿನ ಸುತ್ತ, ಅದರ ಕೆಳಗಿನ ತಗಡಿನ ಸಂದಿಗಳಲ್ಲಿ, ನೀರು ಸಿಡಿದು ಇಳಿದ ಗೆರೆಗಳ ಸಮೇತ ಕಲ್ಲಿನ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಇದಕ್ಕೆ ಬರೀ ಗಾಳಿ ಏನು ಮಾಡೀತು? ಲೋಹ ತಾಗಿಸಬಾರದೆಂದು ಬಿದಿರಿನ ಕಡ್ಡಿಯೊಂದನ್ನು ಸೀಳಿಕೊಂಡಳು. ಫ್ಯಾನು ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿದು, ಒಂದೊಂದೇ ಸಂದಿಯನ್ನು ಕೆರೆದು, ಬ್ರಶ್ಶಿನಿಂದ ಉದುರಿಸಿ, ಊದಿದಳು. ಪ್ರತಿ ಚಕ್ಕೆ ಕಿತ್ತು ಬಂದಾಗಲೂ ಗಲೀಜಿ ಎಂಬ ಆ ಮಾತು ಕಿವಿಯಲ್ಲಿ ಕೇಳುತ್ತಿತ್ತು.

ಗೋದಾಮಿನ ಕೆಲಸ ಮುಗಿಸಿ ರತ್ನದೀಪ ಊಟಕ್ಕೆ ಕೂತಾಗ, ಅವನಿಗೊಂದು ಅವಕಾಶ ಕೊಡೋಣವೆಂದು ಅವಳು ಮೆತ್ತಗೆ ಕೇಳಿದಳು. "ರೀ, ಆ ಫ್ಯಾನಿಗಿ ನೀರು ಹೆಂಗ ಬಡೀತಂತೀರಿ?"

ಅವನು ಪಲ್ಯದ ಬಟ್ಟಲನ್ನು ಹತ್ತಿರ ಎಳೆದುಕೊಂಡ. "ನನಗೇನ್ ಗೊತ್ತು. ಖಿಡಕಿಯಿಂದ ಮಳಿ ಸಿಡದಿರಬೇಕು."

"ಖಿಡಕಿ ಆ ಕಡಿ ಗ್ವಾಡಿಗಿ ಅದ."

"ಹಂಗಾದ್ರ ಗೊತ್ತಿಲ್ಲ," ಎಂದು ಅವನು ರೊಟ್ಟಿ ಮುರಿದ. "ಅಣ್ಣ ಒಯ್ದ್ರ ಒಯ್ಯಲಿ ಬಿಡು. ನಿನಗೂ ತ್ರಾಸು ಕಡಿಮಿ ಆಗ್ತದ."

ಅವಳು ಎದ್ದು ಅಡುಗೆಮನೆಗೆ ಹೋದಳು. ಬಾಯಿ ತೆರೆದಿದ್ದರೆ ಬೀದಿಗೆಲ್ಲ ಕೇಳುತ್ತಿತ್ತು.

ಐತಾರ ಸಂಘಪಾಲ ಬಂದಾಗ ಕಂಪ್ಯೂಟರ್ ಒಂದೇ ಸಮನೆ ನಡೆಯುತ್ತಿತ್ತು. ಪೂನಮ್ ಒಂದು ಅಧ್ಯಾಯದ ಪುಟ ಕಟ್ಟುತ್ತ ಕೂತಿದ್ದಳು. ಅವನು ಕಿವಿಗೊಟ್ಟು ಕೇಳಿ, ಡಬ್ಬಿಯ ಮೇಲೆ ಕೈಯಿಟ್ಟು ನೋಡಿದ. ಬಿಸಿಯಿರಲಿಲ್ಲ.

"ಅರೆ, ಛಲೋ ನಡ್ಯಾಕತ್ತದಲ್ಲ. ಭೇಷ್ ಆತು ಬಿಡು, ಅಲ್ಲಿ ಒಯ್ದು ರಿಪೇರಿ ಮಾಡಿಸೋದು ತಪ್ಪಿತು. ದೀಪ್ಯಾ, ವೈರ್ ಬಿಚ್ಚು."

"ಭಾವ, ಧೂಳು ಅಂತ ಒಯ್ಯಾಕತ್ತಿದ್ರಿ. ಈಗ ಧೂಳಿಲ್ಲ."

"ಇವತ್ತಿಲ್ಲ, ನಾಳಿ ಕುಂದ್ರತದ. ಸಾಫ್ ಇಡೋದು ಎಲ್ಲಾರ ಕೈಲಿ ಆಗೂ ಕೆಲಸ ಅಲ್ಲವ್ವಾ."

ಧೂಳು ಹೋದರೂ ಅವನಿಗೆ ಕಂಪ್ಯೂಟರ್ ಬೇಕು. ಹಾಗಾದರೆ ಅಂದು ಬೆರಳೆತ್ತಿ ತೋರಿಸಿದ್ದೆಲ್ಲ ಬರೀ ನೆಪ. ಅಣ್ಣನ ಮಾತಿಗೆ ರತ್ನದೀಪ ಆಗಲೇ ಮೇಜಿನ ಕೆಳಗೆ ಬಗ್ಗಿ ವೈರಿಗೆ ಕೈ ಹಾಕಿದ್ದ. ಪೂನಮ್ ಕುರ್ಚಿ ಬಿಟ್ಟು ಏಳಲಿಲ್ಲ. ಭಾವನ ಕಡೆಗೂ ನೋಡಲಿಲ್ಲ. ಬಗ್ಗಿದ್ದ ಗಂಡನ ಬೆನ್ನಿಗೇ ಹೇಳಿದಳು:

"ಬಿಚ್ರಿ. ಬಿಚ್ಚೂಕಿಂತ ಮೊದಲ ನಿಮ್ಮವ್ವಗ ಒಂದೇ ಮಾತು ಹೇಳ್ರಿ. ಪಂಚರ್ ಅಂಗಡಿಯಾಗ ಈ ಡಬ್ಬಿ ಯಾರ ತೊಡಿ ಮ್ಯಾಲ ಇತ್ತು?"

ಚಹಾ ತರುತ್ತಿದ್ದ ಯಂಕಮ್ಮ ಬಾಗಿಲಲ್ಲೇ ನಿಂತಳು. "ಯಾವ ಪಂಚರ್ ಅಂಗಡಿ?"

"ಏ, ಅದೆಲ್ಲ ಆಗಿ ಹೋದ ಮಾತು, ಈಗ್ಯಾಕ," ಎಂದ ಸಂಘಪಾಲ. ಅಂದ ಮೇಲೆ ತಾನೇ ಒಪ್ಪಿಕೊಂಡಂತಾಯಿತೆಂದು ಹೊಳೆದು ಬಾಯಿ ಬಿಗಿದುಕೊಂಡ.

ಮೇಜಿನ ಕೆಳಗೆ ರತ್ನದೀಪ ವೈರಿನಿಂದ ಕೈ ತೆಗೆದ. ಪೂನಮ್ ಕಾದಳು. ಈಗಲೂ ಇವನು ಬಾಯಿ ಬಿಡದಿದ್ದರೆ ಕಂಪ್ಯೂಟರ್ ಒಂದೇ ಅಲ್ಲ, ತಾನೂ ಈ ಮನೆಯಲ್ಲಿ ಇರುವುದಿಲ್ಲ ಎಂದು ಅವಳು ಆ ಕ್ಷಣಕ್ಕೇ ನಿಶ್ಚಯಿಸಿದ್ದಳು. ತವರು ತೆಂಗಳಿಗೆ ಹೋಗುವ ಬಸ್ಸುಗಳಿಗೇನೂ ಬರವಿರಲಿಲ್ಲ.

"ನನ್ನ ತೊಡಿ ಮ್ಯಾಲ," ಎಂದ ರತ್ನದೀಪ. ಹೊರಗೆ ಬಂದು ನೆಲದ ಮೇಲೆಯೇ ಕೂತ. "ಗಾಳಿ ಅಣ್ಣ ಹೊಡದ. ನೀರು ಸಿಡೀತು, ಅದನ್ನೂ ನಾ ನೋಡಿದೆ. ಪೂನಮ್‌ದು ಏನೂ ತಪ್ಪಿಲ್ಲವ್ವಾ."

ಯಂಕಮ್ಮ ಹಿರಿಮಗನನ್ನೇ ದಿಟ್ಟಿಸಿ ನೋಡಿದಳು. "ಮತ್ತ ಅಷ್ಟು ಮಂದ್ಯಾಗ ಈಕಿಗಿ ಗಲೀಜಿ ಅಂತ ನನ್ನ ಬಾಯಿಲೆ ಅನಿಸ್ದೆಲ್ಲೋ, ಸಂಘ್ಯಾ."

ಸಂಘಪಾಲ ಫೋನು ತೆಗೆದು ನೋಡುವ ಹಾಗೆ ಮಾಡಿದ. ಅಷ್ಟರಲ್ಲಿ ಟೆಂಪೊದವನು ಬಾಗಿಲಲ್ಲಿ ಇಣುಕಿ, ಲೋಡ್ ಏನದರಿ ಎಂದು ಕೇಳಿದ.

"ಇಲ್ಲೇ ನಿಂತಾರ ನೋಡ್ರಿ," ಎಂದಳು ಪೂನಮ್, ಪರದೆಯಿಂದ ಕಣ್ಣು ತೆಗೆಯದೆ. "ಕೂಡಿಸ್ಕೊಂಡು ಹೋಗ್ರಿ."

ಸಂಘಪಾಲ ಚಪ್ಪಲಿ ಮೆಟ್ಟಿಕೊಂಡು ಹೋದ ಸಪ್ಪಳ, ಟೆಂಪೊ ಸಂದಿಯಿಂದ ಹಿಮ್ಮುಖವಾಗಿ ಹೊರಟ ಸಪ್ಪಳ ಎರಡೂ ಕೇಳಿದವು. ರತ್ನದೀಪ ಎದ್ದು ಅವಳ ಕುರ್ಚಿಯ ಹತ್ತಿರ ಬಂದು ನಿಂತ.

"ಹೇಳಿದೆನಲ್ಲ," ಎಂದ.

"ಜಯಂತಿ ದಿನ ಹೇಳಬೇಕಿತ್ತು," ಎಂದಳು ಪೂನಮ್. ಮುಂದಿನ ಸಾಲು ಟೈಪು ಮಾಡತೊಡಗಿದಳು.

ಅವನು ಆಚೆ ಹೋದ. ಹಿಂದಿನ ಮಶಿನ್ನು ಮತ್ತೆ ಕಲ್ಲು ಕೊರೆಯಲು ಶುರುಮಾಡಿತು. ಯಂಕಮ್ಮ ಹಿರಿಮಗನಿಗೆಂದು ತಂದಿದ್ದ ಚಹಾವನ್ನು ಸೊಸೆಯ ಕೈಯ ಪಕ್ಕಕ್ಕೆ ಇಟ್ಟಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಧೂಳು ಬೀಳದಂತೆ ಕಪ್ಪಿನ ಮೇಲೆ ಬಸಿ ತಟ್ಟೆಯನ್ನು ಮುಚ್ಚಿ ಹೋದಳು.