ಹದಿನೇಳು ಲಕ್ಷದ ಮನೆ

ಮನೆ ಮಾರಿದರೆ ಐದು ಲಕ್ಷ ಉಳಿಯುತ್ತದೆ ಎಂದು ಬ್ಯಾಂಕಿನ ಸಾಹೇಬರು ಹೇಳಿದಾಗ, ಉಳಿಯುವುದು ತಮ್ಮ ಕೈಯಲ್ಲೇ ಎಂದು ಮಹಾನಂದಾ ತಿಳಿದಳು. ಮುಖದ ಮೇಲೆ ನಗೆಯೂ ಮೂಡಿತು.

"ಹಂಗಲ್ರಿ ಟೀಚರ್," ಎಂದರು ಸಾಹೇಬರು. "ಸಾಲ ಇಪ್ಪತ್ತೆರಡು ಲಕ್ಷ ಅದ. ಮನಿಗೆ ಬರೂದು ಹದಿನೇಳು. ಉಳಿದ ಐದು ನೀವು ತುಂಬಬೇಕು."

ಮಹಾನಂದಾ ತಿರುಗಿ ನೋಡಿದಳು. ಪಕ್ಕದಲ್ಲಿದ್ದ ಗಂಡ ದಿಗಂಬರ ತಲೆ ಎತ್ತಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು.

"ಯಾವಾಗಿಂದ ಗೊತ್ತು?" ಹೊರಗೆ ಬಂದು ಕೇಳಿದಳು.

"ಶ್ರಾವಣದಾಗ ಕೇಳಿದ್ದೆ. ನಿನಗ ಹೇಳಲಿಕ್ಕೆ ಬಾಯಿ ಬರಲಿಲ್ಲ."

ಬೈಲಹೊಂಗಲದ ಅಂಚಿನ ಹೊಸ ಲೇಔಟಿನಲ್ಲಿ ಅವರು ಮನೆ ಕೊಂಡು ಐದು ವರ್ಷ. ಮರುವರ್ಷವೇ ಹಿತ್ತಲ ಮಗ್ಗುಲಿಗೆ ಕೋಳಿ ಫಾರ್ಮ್ ಬಂತು. ನಾತಕ್ಕೆ ಕಿಟಕಿ ತೆರೆಯುವ ಹಾಗಿರಲಿಲ್ಲ. ಮನೆ ನೋಡಲು ಬಂದವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ದಿಗಂಬರನ ಫೋಟೋ ಸ್ಟುಡಿಯೋ ಮುಚ್ಚಿತು. ಅವಳ ಪಗಾರದಲ್ಲಿ ಕಂತು ಹೋಗಿ ಕಿರಾಣಿಗೂ ಸಾಲದಾಯಿತು.

ಎರಡು ದಿನ ಅವಳು ಪಗಾರದ ಚೀಟಿ ಹಿಡಿದು ಲೆಕ್ಕ ಹಾಕಿದಳು. ಮೂರನೆಯ ದಿನ ಒಬ್ಬಳೇ ಬ್ಯಾಂಕಿಗೆ ಹೋಗಿ, "ಆ ಐದು ಲಕ್ಷಕ್ಕ ನನ್ನ ಪಗಾರದ ಮ್ಯಾಲೆ ಬ್ಯಾರೆ ಸಾಲ ಮಾಡಿಕೊಡ್ರಿ," ಎಂದಳು. ಬ್ಯಾಂಕು ಒಪ್ಪಿತು; ಮನೆ ಮಾರಿದರೆ ಕಂತು ಅರ್ಧಕ್ಕಿಳಿಯುತ್ತಿತ್ತು. ಹೂಲಿ ಹಳ್ಳಿಯಲ್ಲಿ ಮೂರು ಸಾವಿರಕ್ಕೆ ಎರಡು ಖೋಲಿಯ ಬಾಡಿಗೆ ಮನೆ ಸಿಕ್ಕಿತು.

ಸುದ್ದಿ ತಿಳಿದು ಪಕ್ಕದ ಮನೆಯ ರೇಣು ಓಡಿ ಬಂದಳು. "ವೈನಿ, ನೀವು ಹದಿನೇಳಕ್ಕ ಕೊಟ್ರ ನಾಳೆ ನಮ್ಮ ಮನಿಗೂ ಅದೇ ರೇಟು. ಒಂದು ವರ್ಷ ತಡೀರಿ."

"ಆ ವರ್ಷದ ಕಂತು ಯಾರು ತುಂಬತಾರ, ರೇಣು?"

ರೇಣು ತಿರುಗಿ ಹೋದಳು. ಮನೆ ಹದಿನೇಳಕ್ಕೆ ಮಾರಿಹೋಯಿತು. ಸಾಮಾನಿನ ಟೆಂಪೋ ಹೊರಟಾಗ ಇಡೀ ಮನೆಸಾಲಿನಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಐದು ವರ್ಷ ಹಬ್ಬದಡಿಗೆ ಹಂಚಿಕೊಂಡ ಮಂದಿ. ಸಾಲದ ಸುದ್ದಿಗಿಂತ ಇದೇ ಅವಳಿಗೆ ಹೆಚ್ಚು ನಾಟಿತು.

ಮೂರು ತಿಂಗಳ ಮೇಲೆ, ಒಂದು ರವಿವಾರ, ಹೂಲಿಯ ಮನೆಯ ಮುಂದೆ ರೇಣು ನಿಂತಿದ್ದಳು. ಬಸ್ಸಿಳಿದು ಮನೆ ಕೇಳುತ್ತಾ ಬಂದಿದ್ದಳು. ಮೋರೆ ಬಾಡಿತ್ತು.

"ನಮ್ಮವರ ನೌಕರಿ ಹೋತು, ವೈನಿ. ಮನಿ ಸಾಲ ಹಂಗ ಅದ. ಮನಿಗೆ ಈಗ ಹದಿನಾಲ್ಕು ಅನ್ನಲಿಕ್ಕೆ ಹತ್ಯಾರ."

ಹದಿನಾಲ್ಕು. ಮೂರು ಲಕ್ಷ ಕಡಿಮೆ, ಎಂದುಕೊಂಡಳು ಮಹಾನಂದಾ. ತಾನು ಕೊಟ್ಟ ರೇಟೇ ಅವರನ್ನು ಅಲ್ಲಿಗಿಳಿಸಿತೋ, ಕೋಳಿ ಫಾರ್ಮೋ, ಯಾರು ಹೇಳಬೇಕು.

"ನೀವು ಬ್ಯಾಂಕಿನ ಸಾಹೇಬರಿಗೆ ಏನಂತ ಕೇಳಿದ್ರಿ?" ರೇಣು ತಗ್ಗಿದ ದನಿಯಲ್ಲಿ ಕೇಳಿದಳು. "ನನಗೂ ಹೇಳ್ರಿ."

ಮಹಾನಂದಾ ಬಾಗಿಲಿಂದ ಸರಿದು ನಿಂತಳು.

"ಒಳಗ ಬಾ. ಉಳಿದ ಸಾಲ ಸಣ್ಣ ಕಂತಿನ್ಯಾಗ ತುಂಬತೀವಂತ ಅರ್ಜಿ ನಾನ ಬರದು ಕೊಡತೀನಿ."